ತಲೆ ಎಣಿಸಲಿಕ್ಕೆ ನಾವು ಬೇಕು, ಪಾಲು ಕೇಳಿದರೆ ಬ್ಯಾಡ!



ಹಾಸನವನ್ನು ಮಹಾನಗರಪಾಲಿಕೆ ಮಾಡುವ ಮಾತು 2024ರಲ್ಲಿ ಜೋರಾಯಿತು. ಇಂಥ ಮಾತೆದ್ದ ಊರಲ್ಲೆಲ್ಲ ಸೈಟು ಇದ್ದವರು ‘ರೇಟು ಏರ್ತದೆ’ ಅಂತಾರೆ, ಮನೆ ಇದ್ದವರು ‘ಕಂದಾಯ ಏರ್ತದೆ’ ಅಂತಾರೆ. ಸೈಟೂ ಮನೆಯೂ ಇಲ್ಲದ ಕೇರಿಯವರನ್ನು ಕೇಳುವವರು ಯಾರು?

1976ರ ಪಾಲಿಕೆ ಕಾಯ್ದೆಗೆ ತನ್ನದೇ ಅಳತೆಗೋಲಿದೆ. 3 ಲಕ್ಷ ಜನ ಇರಬೇಕು, ಚದರ ಕಿಲೋಮೀಟರಿಗೆ 3000 ಜನ ಇರಬೇಕು. ಈ ಲೆಕ್ಕ ತುಂಬಿಸಲಿಕ್ಕೆ ಸುತ್ತಲ ಹಳ್ಳಿಗಳನ್ನು ಸೇರಿಸ್ತಾರೆ. ಹಳ್ಳಿ ಪಾಲಿಕೆಗೆ ಸೇರಿತೋ, ನಮ್ಮ ಅವ್ವಂದಿರಿಗೆ ಗ್ರಾಮೀಣ ಉದ್ಯೋಗ ಖಾತರಿಯ ಕೂಲಿ ತಪ್ಪಿತು!

ಹಾಗಂತ ನಾವು ಹಳ್ಳಿಯ ಭಜನೆ ಮಾಡುವವರಲ್ಲ. ಹಳ್ಳಿಯ ಬಣ್ಣವನ್ನು ಬಾಬಾಸಾಹೇಬರು 1948ರಲ್ಲೇ ಸಂವಿಧಾನ ಸಭೆಯಲ್ಲಿ ಬಯಲು ಮಾಡಿದರು. ನಮಗೆ ನಗರ ಬೇಕು. ಆದರೆ ಊರಾಚೆ ಇದ್ದ ಕೇರಿ ನಗರದಾಚೆಯ ಸ್ಲಮ್ಮಾದರೆ ಬದಲಾದದ್ದು ಬೋರ್ಡು ಮಾತ್ರ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ ಮಲ ಹೊರುವುದನ್ನು ನಿಷೇಧಿಸಿದರು. 2013ರಲ್ಲಿ ಕೇಂದ್ರದ ಕಾಯ್ದೆಯೂ ಬಂತು. ಆದರೂ ಮ್ಯಾನ್‌ಹೋಲಿನಲ್ಲಿ ಸಾಯುವವರು ಯಾವ ಜಾತಿಯವರು?

ಬೋರ್ಡು ಬದಲಾಗುವ ಮೊದಲು ಕೇರಿಗೆ ಹಕ್ಕುಪತ್ರ ಕೊಡಿ. ಪೌರಕಾರ್ಮಿಕರನ್ನೆಲ್ಲ ಖಾಯಂ ಮಾಡಿ. ಪರಿಶಿಷ್ಟರಿಗೆ ಮೀಸಲಿಟ್ಟ ಶೇ. 24.10ರ ಹಣ ಎಲ್ಲಿ ಖರ್ಚಾಯ್ತು, ಲೆಕ್ಕ ಕೊಡಿ.

ಹಾಸ್ಟೆಲಿನ ತಮ್ಮಂದಿರೇ, ತಂಗಿಯರೇ, ಮಾಹಿತಿ ಹಕ್ಕಿನ ಅರ್ಜಿಗೆ ಬೇಕಾದದ್ದು 10 ರೂಪಾಯಿ. ನಿಮ್ಮ ನಿಮ್ಮ ಊರಿನ ಲೆಕ್ಕ ಕೇಳಿ. ಊರು ಕಟ್ಟಿದ ಕೈ ಬೇಡುವುದಿಲ್ಲ, ಲೆಕ್ಕ ಕೇಳುತ್ತದೆ.

ಜೈ ಭೀಮ್!