ಡ್ರ್ಯಾಗನ್ ವಂಶಾವಳಿಯೂ ನಮ್ಮನೆಯ ಗ್ರಹಣವೂ

ತಮ್ಮನ ಮಗಳ ಹನ್ನೆರಡನೇ ಹುಟ್ಟುಹಬ್ಬಕ್ಕೆ ಏನು ಬೇಕು ಅಂತ ಕೇಳಿದ್ದೆ. 'ವಿಂಗ್ಸ್ ಆಫ್ ಫೈರ್' ಅಂದಳು. ಇಷ್ಟು ಚಿಕ್ಕ ವಯಸ್ಸಿಗೇ ಎಂಥ ಒಳ್ಳೇ ಅಭಿರುಚಿ ಅಂತ ಹೆಮ್ಮೆಪಟ್ಟು, ಅಂಗಡಿಗೆ ಹೋಗಿ ಅಬ್ದುಲ್ ಕಲಾಂ ಅವರ ಆತ್ಮಕಥೆ ತಂದು, ಬಣ್ಣದ ಕಾಗದ ಸುತ್ತಿ ಕೊಟ್ಟೆ. ಬಿಚ್ಚಿ ನೋಡಿದ ಹುಡುಗಿಯ ಮುಖ ಸಪ್ಪಗಾಯಿತು.

"ಅತ್ತಿ, ಇದು ಕಲಾಂ ಅಜ್ಜಾರದು. ನಾ ಕೇಳಿದ್ದು ಡ್ರ್ಯಾಗನ್ದು!"

ಅದೇ ಹೆಸರಿನಲ್ಲಿ ಅಮೆರಿಕದ ಲೇಖಕಿ ತುಯಿ ಸದರ್‌ಲ್ಯಾಂಡ್ ಅವರ ಮಕ್ಕಳ ಕಾದಂಬರಿ ಸರಣಿ ಇದೆಯೆಂದು ನನಗೆ ಗೊತ್ತಾದದ್ದು ಆಗಲೇ. ಮೊದಲ ಪುಸ್ತಕ ಬಂದದ್ದು 2012ರಲ್ಲಿ. ಮರುದಿನ ಹೋಗಿ ಅದನ್ನೂ ತಂದೆ. ಆಮೇಲೆ ಶುರುವಾಯಿತು ನೋಡಿ, ನಮ್ಮನೆಯಲ್ಲಿ ಊಟಕ್ಕೆ ಕೂತರೂ ಡ್ರ್ಯಾಗನ್, ಎದ್ದರೂ ಡ್ರ್ಯಾಗನ್.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಆ ಕಥೆಯ ಲೋಕದ ಹೆಸರು ಪಿರಿಯಾ. ಅಲ್ಲಿ 7 ಕುಲದ ಡ್ರ್ಯಾಗನ್‌ಗಳು. ಕೆಸರಿನಲ್ಲಿ ಬಾಳುವ ಮಡ್‌ವಿಂಗ್, ಮರುಭೂಮಿಯ ಸ್ಯಾಂಡ್‌ವಿಂಗ್, ಬೆಟ್ಟದ ಸ್ಕೈವಿಂಗ್, ಕಡಲಿನ ಸೀವಿಂಗ್, ಮಳೆಕಾಡಿನ ರೇನ್‌ವಿಂಗ್, ಹಿಮದ ಐಸ್‌ವಿಂಗ್, ಕತ್ತಲಿನ ನೈಟ್‌ವಿಂಗ್. ಒಂದೊಂದು ಕುಲಕ್ಕೂ ಹುಟ್ಟಿನಿಂದ ಬಂದ ಗುಣಗಳಿವೆ. ಸ್ಯಾಂಡ್‌ವಿಂಗ್‌ಗೆ ಬಾಲದ ತುದಿಯಲ್ಲಿ ಚೇಳಿನ ಹಾಗೆ ವಿಷದ ಕೊಂಡಿ. ರೇನ್‌ವಿಂಗ್ ಊಸರವಳ್ಳಿಯಂತೆ ಬಣ್ಣ ಬದಲಿಸುತ್ತದೆ. ಐಸ್‌ವಿಂಗ್ ಬಾಯಿಂದ ಬೆಂಕಿ ಬರೋದಿಲ್ಲ, ಕೊರೆಯುವ ಮಂಜು ಬರುತ್ತದೆ. ಸೀವಿಂಗ್‌ಗಳ ಮೈಮೇಲೆ ಮಿನುಗುವ ಪಟ್ಟೆಗಳಿವೆ. ನೀರಿನೊಳಗೆ ಅವು ಮಾತಾಡುವುದು ಬಾಯಿಂದಲ್ಲ, ಆ ಬೆಳಕಿನಿಂದ ಮತ್ತು ಸನ್ನೆಯಿಂದ.

ನಮ್ಮ ಹುಡುಗಿಗೆ ಎಲ್ಲಕ್ಕಿಂತ ಇಷ್ಟ ಸೀವಿಂಗ್. ಯಾಕೆಂದು ಕೇಳಬೇಕಾಗಿಯೇ ಇಲ್ಲ. ಅವಳ ಅಪ್ಪ, ಅಂದರೆ ನನ್ನ ತಮ್ಮನಿಗೆ, ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಅವಳ ಅಮ್ಮನಿಗೆ ಮೂರನೇ ವಯಸ್ಸಿನಲ್ಲಿ ಮೆದುಳು ಜ್ವರ ಬಂದು ಕಿವಿ ಹೋಯಿತು. ಮಗಳಿಗೆ ಚೆನ್ನಾಗಿ ಕೇಳಿಸುತ್ತದೆ. ಆದರೆ ಅವಳು ಮೊದಲು ಕಲಿತದ್ದು ಕೈಮಾತು, ಆಮೇಲೆ ಬಾಯಿಮಾತು. ಕಥೆಯಲ್ಲಿ ಸುನಾಮಿ ಎಂಬ ಸೀವಿಂಗ್ ಹುಡುಗಿ ಸಮುದ್ರದಿಂದ ದೂರ ಬೆಳೆದು, ತನ್ನ ಕುಲದವರ ಬಳಿ ಬಂದಾಗ ಅವರ ಬೆಳಕಿನ ಭಾಷೆಯೇ ತಿಳಿಯದೆ ಒದ್ದಾಡುತ್ತಾಳೆ. "ಪಾಪ ಅತ್ತಿ, ತನ್ನವರ ಜೋಡಿ ಮಾತಾಡಾಕ ಬರೂದಿಲ್ಲ ಆಕಿಗೆ" ಅಂತ ಇವಳು ಕಣ್ಣೀರು ಹಾಕಿದ್ದಳು.

ಹೋದ ತಿಂಗಳು ಅವಳು ಒಂದು ನೋಟ್‌ಬುಕ್ ಹಿಡಿದು ಬಂದಳು. ಅದರಲ್ಲಿ ತಾನೇ ಹುಟ್ಟಿಸಿದ ಡ್ರ್ಯಾಗನ್ ಮನೆತನಗಳು. ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು, ಯಾರ ಬಣ್ಣ ಯಾರಿಗೆ, ಯಾರ ಕೊಂಬು ಯಾರಿಗೆ, ಎಲ್ಲಾ ಗೆರೆ ಎಳೆದು ಬರೆದಿದ್ದಳು. ಪುಸ್ತಕದಲ್ಲಿ ಬೆರಕೆ ಮರಿಗಳೂ ಇವೆ. ಸನಿ ಎಂಬ ಮರಿಯ ತಾಯಿ ಸ್ಯಾಂಡ್‌ವಿಂಗ್, ತಂದೆ ನೈಟ್‌ವಿಂಗ್. ಸನಿಯ ಬಾಲದಲ್ಲಿ ಕೊಂಡಿ ಇಲ್ಲ. ತಂದೆ ಯಾರೆಂದು ಗೊತ್ತಾಗುವವರೆಗೂ ಅವಳು ತನ್ನಲ್ಲೇ ಏನೋ ಐಬು ಇದೆ ಅಂದುಕೊಂಡಿರುತ್ತಾಳೆ.

ಒಂದು ಪುಟದಲ್ಲಿ ಮಾತ್ರ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಇತ್ತು. ಅವಳೇ ಕಲ್ಪಿಸಿದ ಸೀವಿಂಗ್ ಮನೆತನ. ಅಪ್ಪನಿಗೂ ಬೆಳಕಿನ ಪಟ್ಟೆ ಇದೆ, ಅಮ್ಮನಿಗೂ ಇದೆ. ಹಿರಿಮಗಳಿಗೂ ಇದೆ. ಕಿರಿ ಮರಿಗೆ ಇಲ್ಲ.

"ಇಬ್ಬರಿಗೂ ಇದ್ದಾಗ ಮರಿಗೆ ಯಾಕಿಲ್ಲ ಅತ್ತಿ? ಹಿಂಗ ಆಗ್ತದೇನು?"

ಅವಳು ಬರೆದದ್ದು ಡ್ರ್ಯಾಗನ್ ಮನೆಯಲ್ಲ, ನಮ್ಮನೆ. ಹಿರಿಮಗಳು ನಾನು. ಕಿರಿ ಮರಿ ಅವಳಪ್ಪ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮೆಂಡೆಲ್ ಪಾಠ ಎಷ್ಟು ಸಲ ಮಾಡಿದ್ದೀನೋ ಲೆಕ್ಕವಿಲ್ಲ. ಬ್ರನೋ ಊರಿನ ಮಠದ ತೋಟದಲ್ಲಿ ಬಟಾಣಿ ಬೆಳೆದು ಲೆಕ್ಕ ಇಟ್ಟ ಸನ್ಯಾಸಿ. ದುಂಡು ಕಾಳಿನ ಗಿಡಕ್ಕೂ ಸುಕ್ಕು ಕಾಳಿನ ಗಿಡಕ್ಕೂ ಕೂಡಿಸಿದರೆ ಮೊದಲ ಪೀಳಿಗೆಯಲ್ಲಿ ಎಲ್ಲಾ ದುಂಡು. ಸುಕ್ಕು ಹೋಯಿತು ಅನ್ನಬೇಕು. ಆದರೆ ಅದರ ಮುಂದಿನ ಪೀಳಿಗೆಯಲ್ಲಿ 5474 ದುಂಡು, 1850 ಸುಕ್ಕು. ಹೆಚ್ಚುಕಡಿಮೆ ಮೂರಕ್ಕೆ ಒಂದು. ಸುಕ್ಕು ಎಲ್ಲಿಗೂ ಹೋಗಿರಲಿಲ್ಲ, ಅಡಗಿ ಕೂತಿತ್ತು. 1866ರಲ್ಲಿ ಅಚ್ಚಾದ ಈ ಮಾತನ್ನು ಜಗತ್ತು ಗಮನಿಸಿದ್ದು 1900ರಲ್ಲಿ, ಅವರು ತೀರಿಕೊಂಡ ಎಷ್ಟೋ ವರ್ಷದ ಮೇಲೆ.

ಇದನ್ನೇ ಹುಡುಗಿಗೆ ಹೇಳಲು ಕೂತೆ. ಪಡಸಾಲೆಯಲ್ಲಿ ಅವ್ವ ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಅವಳ ಮುಂದಿನಿಂದ ನಾಲ್ಕು ಕರಿ ಹುಣಸೆ ಬೀಜ ತೆಗೆದುಕೊಂಡೆ. ಅಡುಗೆಮನೆಯಿಂದ ನಾಲ್ಕು ಬಿಳಿ ಅವರೆಕಾಳು ತಂದೆ.

"ನೋಡು. ಪ್ರತಿಯೊಬ್ಬರ ಹತ್ತಿರ ಎರಡೆರಡು ಇರ್ತಾವ. ಒಂದು ಅವ್ವ ಕೊಟ್ಟದ್ದು, ಒಂದು ಅಪ್ಪ ಕೊಟ್ಟದ್ದು. ಕರಿದು ಒಂದಿದ್ದರೂ ಸಾಕು, ಪಟ್ಟೆ ಮಿನುಗ್ತದ. ಎರಡೂ ಬಿಳಿ ಇದ್ದರ ಮಾತ್ರ ಮಿನುಗೂದಿಲ್ಲ."

ಅಪ್ಪ ಡ್ರ್ಯಾಗನ್‌ಗೆ ಒಂದು ಕರಿ, ಒಂದು ಬಿಳಿ. ಅಮ್ಮ ಡ್ರ್ಯಾಗನ್‌ಗೂ ಹಾಗೇ. ಇಬ್ಬರೂ ಮಿನುಗುತ್ತಾರೆ. ಒಳಗೆ ಬಿಳಿ ಇದೆಯೆಂದು ಅವರಿಗೇ ಗೊತ್ತಿಲ್ಲ. ಮರಿಗೆ ಇಬ್ಬರೂ ಒಂದೊಂದು ಕಾಳು ಕೊಡಬೇಕು, ಕಣ್ಣು ಮುಚ್ಚಿ. ನಾಲ್ಕು ರೀತಿ ಆಗಬಹುದು: ಕರಿ-ಕರಿ, ಕರಿ-ಬಿಳಿ, ಬಿಳಿ-ಕರಿ, ಬಿಳಿ-ಬಿಳಿ. ನಾಲ್ಕರಲ್ಲಿ ಒಂದು ಬಿಳಿ-ಬಿಳಿ. ಪ್ರತಿ ಹೆರಿಗೆಗೂ ಹೊಸದಾಗಿ ನಾಲ್ಕರಲ್ಲಿ ಒಂದು. ಮೂರು ಮಕ್ಕಳು ಆದ ಮೇಲೆ ನಾಲ್ಕನೆಯದು ಖಂಡಿತ ಅಂತಲ್ಲ.

ಹುಡುಗಿ ಚುರುಕು. "ಹಂಗಾರ ಅಪ್ಪನ ಹತ್ರ ಎರಡೂ ಬಿಳಿ. ನಂಗ ಅಪ್ಪ ಬಿಳಿನ ಕೊಟ್ಟಿರ್ತಾನ. ಅಮ್ಮಂದು ಜ್ವರದಿಂದ ಆದದ್ದು, ಅದು ಬ್ಯಾರೆ. ಆಕಿ ಕರಿ ಕೊಟ್ಟಾಳ. ಅದಕ್ಕ ನಂಗ ಕೇಳಸ್ತದ." ಆಮೇಲೆ ನನ್ನ ಕಡೆ ನೋಡಿ, "ನಿನ್ನ ಹತ್ರನೂ ಬಿಳಿ ಇರಬಹುದು ಅತ್ತಿ" ಅಂದಳು.

ಇರಬಹುದು. ನನಗೆ ಕೇಳಿಸುವುದರಿಂದ ಬಿಳಿ-ಬಿಳಿ ಬಿಟ್ಟು ಉಳಿದ ಮೂರರಲ್ಲಿ ನಾನೊಂದು. ಆ ಮೂರರಲ್ಲಿ ಎರಡಕ್ಕೆ ಬಿಳಿ ಕಾಳು ಇದೆ.

ಅಷ್ಟು ಹೊತ್ತಿಗೆ ಅವ್ವನ ಕೈ ನಿಂತಿತ್ತು.

"ಹಂಗಾರ ಗ್ರಹಣದ್ದು?" ಅಂದಳು.

ಇಲ್ಲಿ ನಿಮಗೆ ಹಳೇ ಕಥೆ ಹೇಳಬೇಕು. 1980ರ ಫೆಬ್ರುವರಿ 16ರಂದು ಪೂರ್ಣ ಸೂರ್ಯಗ್ರಹಣ ಆಗಿತ್ತು. ಅದರ ನೆರಳು ನಮ್ಮ ಹುಬ್ಬಳ್ಳಿ ಕಡೆಯಿಂದ ರಾಯಚೂರಿನ ಮೇಲೆ ಹಾದು ಹೋಗಿತ್ತು. ನಿಮ್ಮಲ್ಲೂ ಹಿರಿಯರಿಗೆ ನೆನಪಿರಬಹುದು, ಮಟಮಟ ಮಧ್ಯಾಹ್ನ ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಎಲ್ಲರೂ ಬಾಗಿಲು ಹಾಕಿಕೊಂಡು ಕೂತಿದ್ದರು. ಅವ್ವ ಆಗ ನಾಲ್ಕು ತಿಂಗಳ ಬಸುರಿ. ಆ ಹೊತ್ತಿನಲ್ಲಿ ಅವಳು ಹಿತ್ತಲಿಗೆ ಬಂದಳು. ಜುಲೈನಲ್ಲಿ ತಮ್ಮ ಹುಟ್ಟಿದ. ಮುಂದಿನ ವರ್ಷದ ದೀಪಾವಳಿಗೆ ಪಕ್ಕದಲ್ಲೇ ಪಟಾಕಿ ಸಿಡಿದರೂ ಕೂಸು ತಿರುಗಿ ನೋಡಲಿಲ್ಲ. ಅಂದಿನಿಂದ ಮನೆಯಲ್ಲಿ ಒಂದೇ ಮಾತು: ಗ್ರಹಣದಾಗ ಹೊರಗ ಬಂದಿದ್ದಳು.

ಈ ಮಾತು ಆಡಿದ್ದು ಪರರಲ್ಲ. ಅವ್ವನನ್ನು ಕೊಟ್ಟದ್ದು ಸೋದರಮಾವನಿಗೇ. ಹೀಗಾಗಿ ಅವಳ ಅತ್ತೆ ಅಂದರೆ ಅವಳ ಸ್ವಂತ ಅಜ್ಜಿ, ತಾಯಿಯ ತಾಯಿ. ಎತ್ತಿ ಆಡಿಸಿದ ಅಜ್ಜಿಯೇ ಸಾಯುವವರೆಗೂ ಅದನ್ನು ಎತ್ತಿ ಆಡಿದಳು. ಅವ್ವ ಎದುರು ಮಾತಾಡಲಿಲ್ಲ. ಮುಂದೆ ಇನ್ನೊಂದು ಮಗು ಬೇಡ ಅಂದಳು, ಅಷ್ಟೇ.

ನನ್ನ ತಪ್ಪನ್ನೂ ಹೇಳಿಬಿಡ್ತೀನಿ. ನಾದಿನಿ ಬಸುರಿಯಾದಾಗ ತಮ್ಮನಿಗೂ ಅವಳಿಗೂ ರಕ್ತ ಪರೀಕ್ಷೆ ಆಗಿತ್ತು. ತಮ್ಮನದು ವಂಶವಾಹಿಯಿಂದ ಬಂದದ್ದು, ಜಿಜೆಬಿ2 ಎಂಬ ಜೀನಿನ ಎರಡೂ ಪ್ರತಿಗಳಲ್ಲಿ ದೋಷ ಇದೆ ಎಂದು ವೈದ್ಯರು ಬರೆದುಕೊಟ್ಟಿದ್ದರು. ಒಳಕಿವಿಯ ಕೋಶಗಳ ನಡುವೆ ದಾರಿ ಮಾಡಿಕೊಡುವ ಪ್ರೋಟೀನನ್ನು ತಯಾರಿಸುವ ಜೀನ್ ಅದು. ಹುಟ್ಟುಗಿವುಡಿಗೆ ಅತಿ ಸಾಮಾನ್ಯ ಕಾರಣಗಳಲ್ಲಿ ಅದೂ ಒಂದು. ನಾನು ಓದಿದೆ, ಅರ್ಥ ಮಾಡಿಕೊಂಡೆ, ಕಪಾಟಿನಲ್ಲಿಟ್ಟೆ. ಅವ್ವನನ್ನು ಕೂಡಿಸಿಕೊಂಡು ಇದರ ಅರ್ಥ ಏನೆಂದು ಹೇಳಲಿಲ್ಲ. ಊರ ಮಕ್ಕಳಿಗೆಲ್ಲ ಮೆಂಡೆಲ್ ಕಲಿಸಿದವಳಿಗೆ ಮನೆಯಲ್ಲಿ ಬಾಯಿ ಬರಲಿಲ್ಲ.

ಈಗ ಅವ್ವನ ಪ್ರಶ್ನೆಗೆ ನಾನು ಉತ್ತರ ಹುಡುಕುವಷ್ಟರಲ್ಲಿ ಹುಡುಗಿಯೇ ಹೇಳಿದಳು:

"ಅಜ್ಜಿ, ಚಂದ್ರನ ಮ್ಯಾಲೆ ಆಗೂದು ನೈಟ್‌ವಿಂಗ್ ಮರಿಗಷ್ಟ. ಅಲ್ಲಿ ಮೂರು ಚಂದ್ರ ಅದಾವ. ಹುಣ್ಣಿಮಿ ಬೆಳಕಿನಾಗ ತತ್ತಿ ಒಡದರ ಮರಿಗೆ ಶಕ್ತಿ ಬರ್ತದ. ಬ್ಯಾರೆ ಯಾವ ಡ್ರ್ಯಾಗನ್‌ಗೂ ಹಂಗಿಲ್ಲ. ನಾವೇನು ನೈಟ್‌ವಿಂಗ್ ಏನು?"

ಅವ್ವ ನಕ್ಕಳು. ನಕ್ಕವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒಂದು ಕ್ಷಣ ಬಿಟ್ಟು, "ಹಂಗಾರ ಮಾವನ್ನ ಮದಿವಿ ಆದದ್ದ ತಪ್ಪೇನು?" ಅಂದಳು.

ನನಗೆ ಭಯವಿದ್ದದ್ದು ಇದೇ. ಒಂದು ಹೊರೆ ಇಳಿಸಿ ಇನ್ನೊಂದು ಹೊರಿಸಬಾರದಲ್ಲ. ನಿಜ, ರಕ್ತಸಂಬಂಧದಲ್ಲಿ ಮದುವೆಯಾದರೆ ಒಂದೇ ಬಿಳಿ ಕಾಳು ಎರಡೂ ಕಡೆಯಿಂದ ಬರುವ ಸಾಧ್ಯತೆ ಹೆಚ್ಚು. ಮಾವ-ಸೊಸೆಯರ ಜೀನುಗಳಲ್ಲಿ ಸರಾಸರಿ ಕಾಲು ಭಾಗ ಒಂದೇ ಮೂಲದವು. ಆದರೆ ಹಾಗೆ ಮದುವೆಯಾದ ಎಷ್ಟೋ ಮನೆಗಳಲ್ಲಿ ಮಕ್ಕಳು ಚೆನ್ನಾಗೇ ಇದ್ದಾರೆ. ಸಂಬಂಧವೇ ಇಲ್ಲದವರಿಗೂ ಹೀಗೆ ಆಗಬಹುದು. ನಮ್ಮ ಮನೆಯ ಬಿಳಿ ಕಾಳು ಬಹುಶಃ ಆ ಮುತ್ತಜ್ಜ-ಮುತ್ತಜ್ಜಿಯರಲ್ಲಿ ಒಬ್ಬರಿಂದ ಅಪ್ಪನಿಗೂ ಬಂತು, ಅವರ ಅಕ್ಕನ ಮೂಲಕ ಅವ್ವನಿಗೂ ಬಂತು. ಬೈದ ಅಜ್ಜಿಯ ಹತ್ತಿರವೇ ಇತ್ತೋ ಏನೋ. ಅವಳಿಗೂ ಗೊತ್ತಿರಲಿಲ್ಲ.

"ಕಣ್ಣು ಮುಚ್ಚಿ ಕೊಟ್ಟದ್ದು ತಪ್ಪು ಹೆಂಗಾಗ್ತದ ಅವ್ವ? ನಿನ್ನ ಮದಿವಿ ಮಾಡುಮುಂದ ಯಾರೂ ನಿನ್ನ ಕೇಳಲೂ ಇಲ್ಲ" ಅಂದೆ.

ಆಮೇಲೆ 45 ವರ್ಷ ಬಾಯಿಯೊಳಗೇ ಇಟ್ಟುಕೊಂಡದ್ದನ್ನು ಹೇಳಿದೆ. ಮನೆಯವರೆಲ್ಲ ನಂಬಿದ್ದು, ಅವ್ವ ಒಣಹಾಕಿದ ಸಂಡಿಗೆ ತೆಗೆಯಲು ಹಿತ್ತಲಿಗೆ ಹೋಗಿದ್ದಳು ಅಂತ. ಅದು ಸುಳ್ಳು. ಕತ್ತಲಾದದ್ದು ನೋಡಲು ಬಾಗಿಲ ಚಿಲಕ ತೆಗೆದು ಓಡಿದವಳು ಐದು ವರ್ಷದ ನಾನು. ನನ್ನನ್ನು ಎಳೆದುಕೊಂಡು ಬರಲು ಅವಳು ಹೊರಗೆ ಬಂದದ್ದು. ನನಗೆ ಅದು ನೆನಪಿದೆ ಅಂತ ಅವಳಿಗೆ ಗೊತ್ತಿಲ್ಲ ಅಂದುಕೊಂಡಿದ್ದೆ.

ಅವ್ವ ಮತ್ತೆ ಹುಣಸೆಹಣ್ಣು ಕೈಗೆತ್ತಿಕೊಂಡಳು. "ಗೊತ್ತಿತ್ತು. ನಿನ್ನ ಹೆಸರ ಹೇಳಿದ್ದರ ನಿನ್ನ ಸುಮ್ಮನ ಬಿಡತಿದ್ದರೇನು? ಸಂಡಿಗಿ ಅಂದೆ."

ಅದಕ್ಕೆ ನಾನೇನು ಹೇಳಲಿ, ನೀವೇ ಹೇಳಿ.

ಓದುಗರಲ್ಲಿ ಒಂದು ವಿನಂತಿ. ಮಗುವಿನ ಐಬಿಗೆ ತಾಯಿಯನ್ನು ಹೊಣೆ ಮಾಡುವ ಇಂಥ ಮಾತು ನಿಮ್ಮ ಮನೆಯಲ್ಲೂ ಇದ್ದರೆ, ಒಮ್ಮೆ ತಜ್ಞರನ್ನು ಕೇಳಿ, ಆ ತಾಯಿ ಇರುವಾಗಲೇ ಅವಳಿಗೆ ತಿಳಿಸಿ. ಗರ್ಭಿಣಿಗೆ ರುಬೆಲ್ಲಾ ಬಂದರೆ ಮಗುವಿನ ಕಿವಿಗೆ ತೊಂದರೆ ಆಗಬಹುದು, ಅದಕ್ಕೆ ಲಸಿಕೆ ಇದೆ. ಗ್ರಹಣದಿಂದ ಕಿವಿ ಹೋಗುವುದಿಲ್ಲ. ಸಂಬಂಧದಲ್ಲಿ ಮದುವೆ ಯೋಚಿಸುವವರು, ಮನೆತನದಲ್ಲಿ ಹುಟ್ಟಿನಿಂದ ಬಂದ ತೊಂದರೆ ಇದ್ದರೆ, ಮೊದಲೇ ವಂಶವಾಹಿ ಸಲಹೆ ಪಡೆಯಿರಿ. ಹುಟ್ಟಿದ ಮಗುವಿನ ಕಿವಿ ಪರೀಕ್ಷೆಯನ್ನು ಮೊದಲ ತಿಂಗಳಲ್ಲೇ ಮಾಡಿಸಬಹುದು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಈ ಎಲ್ಲಕ್ಕೂ ದಾರಿ ತೋರಿಸುತ್ತಾರೆ.

ಸಂಜೆ ತಮ್ಮ ಕೆಲಸದಿಂದ ಬಂದ. ಮಗಳು ಕೈಮಾತಿನಲ್ಲಿ ಎಲ್ಲವನ್ನೂ ಹೇಳಿದಳು, ಡ್ರ್ಯಾಗನ್ ಸಮೇತ. ಅವನು ನೋಟ್‌ಬುಕ್ಕಿನ ಮಿನುಗದ ಮರಿಯನ್ನು ಬಹಳ ಹೊತ್ತು ನೋಡಿ, ಇದಕ್ಕೆ ಯಾರ ಜೋಡಿ ಮಾತಾಡಲು ಬರುತ್ತದೆ ಅಂತ ಸನ್ನೆಯಲ್ಲಿ ಕೇಳಿದ. ಹುಡುಗಿ ಅಲ್ಲೇ ಕೂತು ಸುತ್ತ ಇನ್ನಷ್ಟು ಸೀವಿಂಗ್‌ಗಳನ್ನು ಬರೆದಳು. ಎಲ್ಲವೂ ಮುಂಗಾಲು ಎತ್ತಿ ಸನ್ನೆ ಮಾಡುತ್ತಿದ್ದವು. ಇಡೀ ಕುಲವೇ ಕೈಮಾತು ಕಲಿತಿದೆಯಂತೆ.

ಮುಂದಿನ ವಾರ ಸರಣಿಯ ಇನ್ನೊಂದು ಪುಸ್ತಕ ತರಬೇಕು. ಅಂಗಡಿಯವನಿಗೆ ಈ ಸಲ ಮೊದಲೇ ಹೇಳ್ತೀನಿ, ಡ್ರ್ಯಾಗನ್ದು ಅಂತ. ಕಲಾಂ ಅವರದನ್ನು ಈಗ ಅವ್ವ ಓದುತ್ತಿದ್ದಾಳೆ.