ಪೇಟಿಯೊಳಗಿನ ಸ್ವರ ಯಾರದು?

ನಮ್ಮ ಗಿರಣಿ ಚಾಳಿನ ಭಜನಾ ಮಂಡಳಿಯ ಹಾರ್ಮೋನಿಯಂ ಪೇಟಿಯ ಸಲುವಾಗಿ ಹೋದ ತಿಂಗಳ ಸಭೆಯಲ್ಲಿ ಎರಡು ಪಕ್ಷಗಳಾದವು. ಒಂದು ಪಕ್ಷದವರು ಅದನ್ನು ಮಾರಿ ಹೊಸದು ಕೊಳ್ಳೋಣವೆಂದರು. ಮತ್ತೊಂದು ಪಕ್ಷದವರು ಒಳಗಿನದನ್ನೆಲ್ಲ ಕೀಳಿಸಿ ಹೊಸ ಸ್ವರಗಳನ್ನು ಕೂಡಿಸೋಣವೆಂದರು. ಎರಡೂ ತಪ್ಪು ಎಂದು ನಾನು ಹೇಳಹೊರಟಾಗ ಗದ್ದಲವೆದ್ದು ಮಾತು ಅರ್ಧಕ್ಕೇ ನಿಂತಿತು. ಆದುದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ಪೇಟಿ ಒಬ್ಬರ ಸ್ವತ್ತಲ್ಲ. ನಮ್ಮ ಹಿರಿಯರು ಪಗಾರದ ದಿನ ನಾಲ್ಕಾಣೆ, ಎಂಟಾಣೆ ವರ್ಗಣಿ ಕೂಡಿಸಿ ಕೊಂಡದ್ದು. ನೂಲಿನ ಖಾತೆಯವರು, ಮಗ್ಗದ ಖಾತೆಯವರು, ಗಿರಣಿ ಬಾಗಿಲಿನ ಚಹದಂಗಡಿಯವರು, ಕಿರಾಣಿಯವರು ಎಲ್ಲರ ದುಡ್ಡೂ ಅದರಲ್ಲಿದೆ. ಬಿಳಿ ಕರಿ ಕೂಡಿ ೩೯ ಮನೆಗಳು. ಮನೆಗೆ ಎರಡರಂತೆ ೭೮ ಹಿತ್ತಾಳೆಯ ಸ್ವರಗಳು. ಹಳೆಯ ಜರ್ಮನ್ ಮಾಲು. ತಿದಿಯ ಬಟ್ಟೆಯನ್ನು ಇಲಿ ಕಡಿದಿದೆ, ತಂತಿಯ ಸ್ಪ್ರಿಂಗುಗಳಿಗೆ ತುಕ್ಕು ಹಿಡಿದಿದೆ, ೯ ಸ್ವರ ಮಾತಾಡುತ್ತಿರಲಿಲ್ಲ. ಇದಿಷ್ಟಕ್ಕೇ "ಪೇಟಿ ಸತ್ತಿತು" ಎಂದು ತೀರ್ಪು ಕೊಟ್ಟವರು ಅದನ್ನು ಬಿಚ್ಚಿ ನೋಡಿರಲಿಲ್ಲ.

ಸಭೆಯ ಮಾರನೆಯ ದಿನ ಪೇಟೆಯ ಹಿಂದಿನ ಓಣಿಯಲ್ಲಿ ಕೂಡುವ ಮುದುಕ ಮಿಸ್ತ್ರಿಯವರನ್ನು ಕರೆತಂದೆ. ಅವರು ಮೇಲಿನ ಹಲಗೆ ತೆಗೆದು, ಮೂಕವಾದ ಒಂದೊಂದು ಸ್ವರದ ನಾಲಗೆಯ ಕೆಳಗೆ ತೆಳ್ಳನೆಯ ಕಾಗದದ ಚೂರು ತೂರಿಸಿ ಎಳೆದರು. ೬ ಸ್ವರಗಳು ಅಲ್ಲಿಯೇ ನುಡಿದವು. "ಮಾಸ್ತರ್ರ, ಸ್ವರ ಸತ್ತಿಲ್ರೀ, ಧೂಳ ಕುಂತಿತ್ತು" ಎಂದರು. ಮಿಕ್ಕ ಮೂರರಲ್ಲಿ ಒಂದರ ರಿವೆಟ್ಟು ಸಡಿಲಾಗಿತ್ತು. ಎರಡರ ನಾಲಗೆ ಬುಡದಲ್ಲಿ ಸೀಳಿತ್ತು. ಅಂದರೆ ೭೮ರಲ್ಲಿ ನಿಜವಾಗಿ ಬದಲಿಸಬೇಕಾದದ್ದು ಎರಡು!

ಹಾರ್ಮೋನಿಯಮ್ಮಿನ ಸ್ವರವೆಂದರೆ ಹಿತ್ತಾಳೆಯ ಪಟ್ಟಿ, ಅದರಲ್ಲಿ ಒಂದು ಸೀಳು, ಸೀಳಿನ ಮೇಲೆ ಒಂದು ತುದಿಯಲ್ಲಿ ಮಾತ್ರ ಬಿಗಿದ ತೆಳು ನಾಲಗೆ. ಗಾಳಿ ನುಗ್ಗಿದಾಗ ಆ ನಾಲಗೆ ಸೀಳಿನಲ್ಲಿ ಒಳಹೊರಗೆ ಆಡುತ್ತದೆ, ಅದೇ ನಾದ. ಮೊನೆಯಲ್ಲಿ ಕೆರೆದರೆ ಸ್ವರ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಕೆರೆದದ್ದನ್ನು ಮರಳಿ ಅಂಟಿಸಲು ಬಾರದು. ಒಡೆದ ಸ್ವರದ ಜಾಗಕ್ಕೆ ಅದೇ ಅಳತೆಯದನ್ನು, ಆದಷ್ಟು ಅದೇ ಕಾಲದ್ದನ್ನು ಹುಡುಕಿ ಕೂಡಿಸಿ, ನೆರೆಯ ಸ್ವರದ ದನಿಗೆ ಹೊಂದಿಸಬೇಕು. ಮಿಸ್ತ್ರಿಯವರ ಬಳಿ ಒಂದು ತಗಡಿನ ಡಬ್ಬಿಯಿದೆ. ಮುರಿದ ಪೇಟಿಗಳಿಂದ ಉಳಿಸಿಕೊಂಡ ಹಳೆಯ ಸ್ವರಗಳು ಅದರಲ್ಲಿವೆ. ನಮಗೆ ಬೇಕಾದ ಎರಡೂ ಅಲ್ಲಿಯೇ ಸಿಕ್ಕುವ ಸಂಭವವುಂಟು.

ಹೊಸ ಮಾಲೆಲ್ಲ ಕೆಟ್ಟದ್ದೆಂದು ನನ್ನ ವಾದವಲ್ಲ. ಗುಜರಾತಿನ ಪಾಲಿತಾಣಾ ಈ ಸ್ವರಗಳ ತಯಾರಿಕೆಗೆ ಹೆಸರಾದ ಊರು. ಅಲ್ಲಿಯೂ ಅರ ಹಿಡಿದು ದುಡಿಯುವವರು ನಮ್ಮಂಥ ಶ್ರಮಜೀವಿಗಳೇ. ತಿದಿಗೆ ಹೊಸ ಬಟ್ಟೆ, ಹೊಸ ಚರ್ಮ, ಹೊಸ ಸ್ಪ್ರಿಂಗು ಬೇಕೇ ಬೇಕು. ಹೋದದ್ದನ್ನು ಬದಲಿಸುವುದು ರಿಪೇರಿ, ಇದ್ದದ್ದನ್ನು ಕೀಳುವುದು ವ್ಯಾಪಾರ.

ಇದನ್ನು ನಾನು ಪೆಟ್ಟು ತಿಂದೇ ಕಲಿತೆ. ಶಾಲೆಯಲ್ಲಿ ಕೆಲಸ ಮಾಡುತ್ತಿದ್ದಾಗ ಪ್ರಾರ್ಥನೆಯ ಪೇಟಿಯನ್ನು ದೊಡ್ಡ ಊರಿನ ಒಂದು ಅಂಗಡಿಗೆ ಒಯ್ದಿದ್ದೆ. ಮಿರಿಮಿರಿ ಮಿಂಚುವ ಹೊಸ ಸ್ವರಗಳೊಡನೆ ಅದು ಮರಳಿತು. ದನಿ ಮಾತ್ರ ತಗಡಿನ ಡಬ್ಬಿಯದಾಗಿತ್ತು. ಹಳೆಯವೆಲ್ಲಿ ಎಂದು ಕೇಳಿದರೆ "ಅವು ಗುಜರಿ" ಎಂದರು. ಹಳೆಯ ಜರ್ಮನ್, ಪ್ಯಾರಿಸ್ ಸ್ವರಗಳಿಗೆ ಹೆಚ್ಚಿನ ಬೆಲೆ ಕೊಡುವ ಗಿರಾಕಿಗಳಿದ್ದಾರೆಂಬುದು ನನಗೆ ತಿಳಿದದ್ದು ಆಮೇಲೆ. ಶಾಲೆಯ ಮಕ್ಕಳ ಸ್ವತ್ತನ್ನು ನಾನೇ ನನ್ನ ಕೈಯಾರೆ ಕೊಟ್ಟು, ಮೇಲೆ ಹಣವನ್ನೂ ತೆತ್ತು ಬಂದಿದ್ದೆ.

ಆದರೆ ಬೈಗುಳವನ್ನು ಅಂಗಡಿಯವರೊಬ್ಬರಿಗೇ ಮೀಸಲಿಡುವುದು ನ್ಯಾಯವಲ್ಲ. ಮಿಸ್ತ್ರಿ ಎರಡು ದಿನ ಕುಳಿತು, ಕಿವಿಯಿಟ್ಟು, ೭೮ ಸ್ವರಗಳನ್ನು ಒಂದೊಂದಾಗಿ ಸರಿಪಡಿಸಿ ಕೂಲಿ ಕೇಳಿದರೆ ನಾವೇನನ್ನುತ್ತೇವೆ? "ಏನು ಸಾಮಾನು ಹಾಕಿದಿರಿ?" ಎನ್ನುತ್ತೇವೆ. ಸಾಮಾನಿಗೆ ಬಿಲ್ಲು ಕೊಡುತ್ತೇವೆ, ದುಡಿಮೆಗೆ ಚೌಕಾಶಿ ಮಾಡುತ್ತೇವೆ. ಬೋನಸ್ಸಿಗಾಗಿ ಗಿರಣಿ ಬಾಗಿಲಲ್ಲಿ ಘೋಷಣೆ ಕೂಗುವ ನಮ್ಮ ಬಾಯಿಂದಲೇ ಈ ಮಾತು ಬರುತ್ತದೆ! ಕೂಲಿ ಸಿಕ್ಕದವನು ಸಾಮಾನಿನಲ್ಲಿ ಲಾಭ ಹುಡುಕುತ್ತಾನೆ. ಎರಡು ಸ್ವರ ಬದಲಿಸಬೇಕಾದಲ್ಲಿ ೭೮ ಬದಲಿಸುತ್ತಾನೆ. ಸೈಕಲ್ ರಿಪೇರಿಯವರಿಗೂ ಗಡಿಯಾರದವರಿಗೂ ಈ ಸಂಕಟ ಚೆನ್ನಾಗಿ ಗೊತ್ತು.

ಸಭೆಯಲ್ಲಿ ತರುಣರೊಬ್ಬರು "ಇದು ಪರದೇಶದ ವಾದ್ಯ, ಇದಕ್ಕೇಕಿಷ್ಟು ಕಾಳಜಿ?" ಎಂದು ಕೇಳಿದರು. ಹುಟ್ಟಿದ್ದು ಪರದೇಶದಲ್ಲೇ, ನಿಜ. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೆಯ್ನ್ ಎಂಬವರು ಈ ಹೆಸರಿನಿಂದ ಪೇಟೆಂಟ್ ಪಡೆದದ್ದು ೧೮೪೨ರಲ್ಲಿ. ಅದು ಕುರ್ಚಿಯಲ್ಲಿ ಕುಳಿತು ಕಾಲಿನಿಂದ ತಿದಿಯೊತ್ತುವ ವಾದ್ಯ. ಅದನ್ನು ಚಾಪೆಯ ಮೇಲೆ ಕುಳಿತವರ ಕೈಗೆ ಒಗ್ಗಿಸಿದವರಲ್ಲಿ ಕಲಕತ್ತೆಯ ದ್ವಾರಕಾನಾಥ ಘೋಷರು ಮುಖ್ಯರು. ಬ್ರಿಟಿಷರ ಕಾಲದ ಆಕಾಶವಾಣಿ ೧೯೪೦ರಲ್ಲಿ ಇದನ್ನು ಬಹಿಷ್ಕರಿಸಿತು. ಸ್ವರಗಳು ನಿಂತ ನೀರಿನಂತಿದ್ದು ನಮ್ಮ ಶ್ರುತಿ, ಗಮಕಗಳು ಇದರಲ್ಲಿ ನುಡಿಯವೆಂಬುದು ಆಕ್ಷೇಪ. ಆಕ್ಷೇಪದಲ್ಲಿ ಸತ್ಯಾಂಶವಿದೆ, ಅಲ್ಲಗಳೆಯೆ. ಸ್ವರಾಜ್ಯ ಬಂದ ಮೇಲೂ ಬಹಿಷ್ಕಾರ ನಡೆದು ೧೯೭೧ರಲ್ಲಿ ಸಡಿಲಾಯಿತು. ಆ ಮೂವತ್ತೊಂದು ವರ್ಷ ಪೇಟಿಯೇನು ಸಾಯಲಿಲ್ಲ. ನಾಟಕ ಕಂಪನಿಗಳ ಪೇಟಿ ಮಾಸ್ತರರು, ಊರೂರ ಭಜನಾ ಮೇಳಗಳು, ಬೆಳಗಾವಿಯ ಪಂಡಿತ ಆರ್. ಕೆ. ಬಿಜಾಪುರೆಯವರಂಥ ವಾದಕರು ಅದನ್ನು ನುಡಿಸುತ್ತಲೇ ಇದ್ದರು. ದುಡಿಯುವ ಜನ ಒಪ್ಪಿಕೊಂಡ ವಾದ್ಯಕ್ಕೆ ಇನ್ನಾವ ಪರವಾನಗಿ ಬೇಕು?

ಆದುದರಿಂದ ಮಂಡಳಿಯ ಮುಂದೆ ನನ್ನ ಸೂಚನೆ ಇಷ್ಟು. ಪೇಟಿಯನ್ನು ಊರ ಹೊರಗೆ ಕಳಿಸಕೂಡದು. ಭಜನೆಯ ಖೋಲಿಯಲ್ಲಿಯೇ, ಎಲ್ಲರ ಕಣ್ಣೆದುರು ಬಿಚ್ಚಬೇಕು. ಸ್ವರಗಳನ್ನು ಎಣಿಸಿ ವಹಿಯಲ್ಲಿ ಬರೆಯಬೇಕು. ಕಿತ್ತ ಎರಡನ್ನೂ ಪೊಟ್ಟಣ ಕಟ್ಟಿ ಪೇಟಿಯೊಳಗೇ ಇಡಬೇಕು, ನಾಳೆ ಅಳತೆಗೆ ಬೇಕಾಗುತ್ತವೆ. ತಿದಿಯನ್ನು ಕಾಯಿಸಿದ ಹಳೆಯ ಅಂಟಿನಿಂದಲೇ ಕೂಡಿಸಬೇಕು, ಪೇಟೆಯ ಟ್ಯೂಬಿನ ಅಂಟು ಬೇಡ. ಹಳೆಯದನ್ನು ಬಿಸಿ ಮಾಡಿ ಮತ್ತೆ ಬಿಚ್ಚಬಹುದು. ಟ್ಯೂಬಿನದನ್ನು ಬಿಚ್ಚಹೋದರೆ ಕಟ್ಟಿಗೆಯೇ ಸೀಳುತ್ತದೆ. ಮಿಸ್ತ್ರಿಯವರಿಗೆ ನುರಿತ ಗೌಂಡಿಗೆ ಕೊಡುವಷ್ಟು ದಿನಗೂಲಿಯನ್ನು, ಅವರು ಕುಳಿತಷ್ಟು ದಿನಕ್ಕೂ, ಸಾಮಾನಿನ ಲೆಕ್ಕದಿಂದ ಬೇರೆಯಾಗಿ ಕೊಡಬೇಕು. ಗಿರಣಿಯ ಒಬ್ಬಿಬ್ಬರು ಹುಡುಗರು ಅವರ ಬದಿಗೆ ಕೂತು ಕೈಕೆಲಸ ನೋಡಲಿ. ಅವರಿಗೆ ಎಪ್ಪತ್ತು ದಾಟಿದೆ, ಡಬ್ಬಿಯನ್ನು ಯಾರ ಕೈಗೆ ಕೊಡಲೆಂದು ಅವರೇ ಕೇಳುತ್ತಿದ್ದರು.

ಬರುವ ರವಿವಾರ ಮುಂಜಾನೆ ಎಂಟಕ್ಕೆ ಬರುವುದಾಗಿ ಅವರು ಒಪ್ಪಿದ್ದಾರೆ. ವರ್ಗಣಿಯ ವಹಿ ನನ್ನ ಬಳಿ ಇದೆ. ಪಗಾರದ ದಿನ ಗಿರಣಿ ಬಾಗಿಲಲ್ಲಿ ನಿಂತಿರುತ್ತೇನೆ.