ಮೂರು ನಲ್ಲಿ, ಮೂರೂ ವಿಮಾನ

ಬ್ಲಾಗಿನ ಕಡೆ ತಲೆ ಹಾಕಿ ಏಳು ತಿಂಗಳಾಯ್ತು. "ಇದ್ದೀಯೋ ಇಲ್ವೋ" ಅಂತ ಮೇಲ್ ಮಾಡಿ ವಿಚಾರಿಸಿದ ಇಬ್ಬರಿಗೂ ಥ್ಯಾಂಕ್ಸ್. (ಹೌದು, ಇಬ್ಬರೇ. ಓದುಗರ ಬಳಗ ದೊಡ್ಡದಿದೆ ನಮ್ದು :-)) ಇದ್ದೀನಿ. ಗ್ಯಾರೇಜಿನಲ್ಲಿದ್ದೆ. ಬಿಯರ್ ನಲ್ಲಿ ಕಟ್ತಾ ಇದ್ದೆ, ಆಮೇಲೆ ಕಟ್ಟಿದ್ದನ್ನ ಬಿಚ್ತಾ ಇದ್ದೆ, ಈಗ ಮತ್ತೆ ಕಟ್ಟಿ ಮುಗಿಸಿದ್ದೀನಿ. ಯಾಕೆ ಬಿಚ್ಚಿದೆ ಅನ್ನೋದೇ ಈ ಪೋಸ್ಟು.

ನಾನಿರೋದು ಸಿಯಾಟಲ್ ಪಕ್ಕದ ರೆಂಟನ್‌ನಲ್ಲಿ. ಬೋಯಿಂಗ್ 737 ಜೋಡಿಸೋ ಊರು ಇದು. ವಿಚಿಟಾದಿಂದ ರೈಲಿನ ಮೇಲೆ ಹಸಿರು ಬಣ್ಣದ ವಿಮಾನದ ಒಡಲುಗಳು ಬರ್ತವೆ, ರೆಕ್ಕೆ ಬಾಲ ಹಚ್ಚಿಸ್ಕೊಂಡು ಕೆರೆ ಪಕ್ಕದ ಚಿಕ್ಕ ರನ್‌ವೇಯಿಂದ ಹಾರಿಹೋಗ್ತವೆ. ಇಂಥ ಊರಲ್ಲಿ ವಿಮಾನದ ಹುಚ್ಚು ಹತ್ತದೇ ಇರೋದು ಕಷ್ಟ. ಅದೂ ನನಗೆ. ಅಪ್ಪ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ 36 ವರ್ಷ ಫಿಟ್ಟರ್ ಆಗಿದ್ದೋರು. ವಿಮಾನಪುರದ ಮನೇಲಿ ಬೆಳೆದ ನನಗೆ ಜಾಗ್ವಾರ್ ಸದ್ದು ಕುಕ್ಕರ್ ಸೀಟಿಯಷ್ಟೇ ಮಾಮೂಲು.

ಬಿಯರ್ ಹುಚ್ಚು ಇಲ್ಲಿಗೆ ಬಂದ ಮೇಲಿನದು. ಅಮೆರಿಕದಲ್ಲಿ ಮನೇಲಿ ಬಿಯರ್ ಮಾಡ್ಕೊಳ್ಳೋದಕ್ಕೆ 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿಂದ ದಾರಿಯಾಯ್ತು. ಒಬ್ಬರೇ ವಯಸ್ಕರಿರೋ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚಿದ್ದರೆ 200, ಮಾರೋ ಹಾಗಿಲ್ಲ. ನಮ್ಮಲ್ಲಿ ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಲೈಸೆನ್ಸ್ ಇಲ್ದೆ ಮಾಡೋ ಹಾಗೇ ಇಲ್ಲ, ಆದ್ರಿಂದ ಊರಲ್ಲಿ ಕೂತು ಇದನ್ನ ಓದಿ ಅಡುಗೆಮನೆಗೆ ನುಗ್ಗಬೇಡಿ. ಹಾಪ್ಸ್ ಬೆಳೆಯೋ ಯಾಕಿಮಾ ಕಣಿವೆ ನಮ್ಮ ಮನೆಯಿಂದ ಎರಡೂವರೆ ಗಂಟೆ ದಾರಿ. ಶನಿವಾರ ಕುದಿಸೋದು, ಎರಡು ವಾರ ಹುಳಿಯೋಕೆ ಬಿಡೋದು, ಆಮೇಲೆ ಐವತ್ತು ಬಾಟಲಿ ತೊಳೆಯೋದು. ಆ ಕೊನೇದಕ್ಕೆ ಬೇಸತ್ತು ಎಲ್ಲರ ಹಾಗೆ ನಾನೂ ಕೆಗ್‌ಗೆ ಬಂದೆ. ಹಿಂದೆ ಸೋಡಾ ಕಂಪನಿಗಳು ಬಳಸ್ತಿದ್ದ 5 ಗ್ಯಾಲನ್ನಿನ, ಅಂದ್ರೆ 19 ಲೀಟರಿನ ಸ್ಟೀಲ್ ಡಬ್ಬಗಳು. ಹಳೇ ಚೆಸ್ಟ್ ಫ್ರೀಜರ್ ಒಳಗೆ ಮೂರು ಡಬ್ಬ, ಮುಚ್ಚಳದ ಮೇಲೆ ನಲ್ಲಿಗಳಿರೋ ಒಂದು ಕಂಬ. ಇಲ್ಲಿಯೋರು ಟವರ್ ಅಂತಾರೆ.

ಟವರ್ ರೆಡಿಮೇಡ್ ಸಿಗುತ್ತೆ. ಆದ್ರೆ ದಿನವಿಡೀ ಯಾರೋ ಬರೆದ ಕೋಡಿಗೆ ತೇಪೆ ಹಾಕೋ ನನ್ನಂಥೋನಿಗೆ ಕೈಯಲ್ಲಿ ಮುಟ್ಟೋಕೆ ಆಗೋ ಒಂದು ವಸ್ತು ಬೇಕಿತ್ತು. ಪ್ಲೈವುಡ್ಡಿನ ಪಕ್ಕೆಲುಬು, ಅದರ ಮೇಲೆ ಅಲ್ಯುಮಿನಿಯಂ ತಗಡು, ಸಾಲಾಗಿ ರಿವೆಟ್. ಆಕಾರ ವಿಮಾನದ ಬಾಲದ್ದು. ಮುಂದುಗಡೆ ಕಾಕ್‌ಪಿಟ್ಟಿನ ಹಾಗೆ ಕಪ್ಪು ಪ್ಯಾನೆಲ್, ಅದರಲ್ಲಿ ಗುಜರಿಯಿಂದ ತಂದ ಸತ್ತ ಆಲ್ಟಿಮೀಟರ್ (ಗ್ಯಾರೇಜು ಸದಾ 1200 ಅಡಿ ಎತ್ತರದಲ್ಲಿ ಹಾರ್ತಿತ್ತು), ಕ್ಷಿಪಣಿ ಬಿಡೋ ಸ್ವಿಚ್ಚಿಗಿರುತ್ತಲ್ಲ ಅಂಥ ಕೆಂಪು ಮುಚ್ಚಳ, ಅದನ್ನೆತ್ತಿ ಒತ್ತಿದ್ರೆ ಒಂದು ದೀಪ. ಹಿಡಿಗಳ ಜಾಗಕ್ಕೆ ಅಂಗಡಿಯಿಂದ ತಂದ ಮೂರು ಕ್ರೋಮ್ ವಿಮಾನ. ಮೂರೂ ಒಂದೇ ಥರ, ಮಿರಮಿರ ಅನ್ನೋವು. ಕೆಳಗೆ ಚಂದದ ಅಕ್ಷರದಲ್ಲಿ ರನ್‌ವೇ ಒಂದು, ರನ್‌ವೇ ಎರಡು, ರನ್‌ವೇ ಮೂರು.

ಬುದ್ಧಿವಂತಿಕೆ ತೋರಿಸಿದ ಜಾಗ ಇಲ್ವೇ ಇಲ್ಲ ಅಂತಲ್ಲ. ವಿಮಾನದ ಹಳೇ ಪೈಪುಗಳಲ್ಲೇ ಬಿಯರ್ ಹರಿಸೋಣ ಅಂತ ಗೆಳೆಯನೊಬ್ಬ ಆಸೆ ತೋರಿಸಿದ. ಬೇಡ ಅಂದೆ. ವಿಮಾನದ ಬೋಲ್ಟುಗಳಿಗೆ ಕ್ಯಾಡ್ಮಿಯಂ ಲೇಪ ಇರುತ್ತೆ, ಆ ಹಳದಿ-ಹಸಿರು ಪ್ರೈಮರಿನಲ್ಲಿ ಕ್ರೋಮೇಟ್ ಇರುತ್ತೆ, ಪೈಪಿನೊಳಗೆ ಹಿಂದೆ ಏನು ಹರಿದಿತ್ತೋ ದೇವರಿಗೇ ಗೊತ್ತು. ಬಿಯರ್ ತಾಕೋದೆಲ್ಲ 304 ಸ್ಟೇನ್‌ಲೆಸ್ ಮತ್ತು ಆಹಾರಕ್ಕೆ ತಕ್ಕ ಹೋಸ್ ಮಾತ್ರ. ವಿಮಾನ ಹೊರಗಿನ ಅಂಗಿ ಅಷ್ಟೇ. ಮೊದಲ ಗ್ಲಾಸಿಗೆ ಬರೀ ನೊರೆ ಬರ್ತಿದ್ದದ್ದಕ್ಕೂ ಕಾರಣ ಹುಡುಕಿದೆ. ಕೆಗ್ ತಣ್ಣಗಿದ್ರೂ ಟವರ್ ಬೆಚ್ಚಗಿರುತ್ತೆ. ಅಲ್ಲಿ ನಿಂತ ಬಿಯರ್ ಬಿಸಿಯಾದ ತಕ್ಷಣ ಅದರೊಳಗಿನ ಗ್ಯಾಸ್ ಹೊರಬರುತ್ತೆ. ಕಂಪ್ಯೂಟರಿನ ಹಳೇ ಫ್ಯಾನೊಂದನ್ನ ಫ್ರೀಜರಿನಲ್ಲಿಟ್ಟು ತಣ್ಣನೆ ಗಾಳಿಯನ್ನ ಮೇಲಕ್ಕೆ ಊದಿಸಿದೆ. 12 ಪಿ.ಎಸ್.ಐ. ಒತ್ತಡಕ್ಕೆ ಸಣ್ಣ ರಂಧ್ರದ ಹೋಸ್ ಹತ್ತು ಅಡಿ ಹಾಕಿದೆ. ನೊರೆ ನಿಂತಿತು.

ಫೋಟೋ ತೆಗೆದು ಅಪ್ಪಂಗೆ ಕಳಿಸಿದೆ. ಅಪ್ಪ ಕುಡಿಯಲ್ಲ. ಅದಕ್ಕೇ "ಮನೇಲೇ ಸೋಡಾ ಮಾಡೋ ಮೆಷಿನ್ನು" ಅಂತ ಬರೆದಿದ್ದೆ. ಪೂರ್ತಿ ಸುಳ್ಳಲ್ಲ, ಮೂರನೇ ನಲ್ಲಿ ನಿಂಬೆ-ಶುಂಠಿ ಸೋಡಾದ್ದೇ. ರಾತ್ರಿ ಫೋನ್ ಬಂತು.

"ಸೋಡಾಕ್ಕೆ ಮೂರು ನಲ್ಲಿ ಯಾಕೋ?"

ನಾನು ಗಂಟಲು ಸರಿಮಾಡ್ಕೊಂಡೆ.

"ಇರ್ಲಿ ಬಿಡು. ರಿವೆಟ್ ಸಾಲು ನೇರ ಬಂದಿದೆ. ಆದ್ರೆ ಮೂರೂ ಹಿಡಿ ಒಂದೇ ಥರ ಯಾಕೆ ಹಾಕಿದ್ದೀಯ? ಕಾಕ್‌ಪಿಟ್‌ನಲ್ಲಿ ಹಂಗೆ ಹಾಕಲ್ಲ."

"ಅಪ್ಪಾ, ಇದು ಶೋಗೆ."

"ಹ್ಞೂಂ," ಅಂದ್ರು.

ಜುಲೈ ನಾಲ್ಕಕ್ಕೆ ಮನೇಲಿ ಪಾರ್ಟಿ. ಹದಿನೈದು ಜನ ಕನ್ನಡದೋರು, ಮಕ್ಕಳೂ ಇದ್ರು. ಗೆಳೆಯನ ಮಗಳು, ಒಂಬತ್ತು ವರ್ಷದ್ದು, "ಅಂಕಲ್, ಜಿಂಜರ್ ಸೋಡಾ ಯಾವ್ದು?" ಅಂದ್ಲು. ಗ್ರಿಲ್ಲಿನ ಮೇಲೆ ಜೋಳ ತಿರುಗಿಸ್ತಾ "ಕೊನೇ ವಿಮಾನ ಪುಟ್ಟಿ" ಅಂದೆ.

ಯಾವ ಕಡೆಯಿಂದ ಕೊನೇದು? ನನಗೆ ಬಲಗಡೇದು. ಅವಳು ಆ ಕಡೆ ಬಾಗಿಲಿಂದ ಬಂದೋಳು, ಎಡಗಡೇದು ಎಳೆದಳು. ಅದು ಐ.ಪಿ.ಎ. ಬಣ್ಣ ಹೆಚ್ಚುಕಮ್ಮಿ ಶುಂಠಿ ಸೋಡಾದ್ದೇ. ಕಹಿ ಇದ್ರೂ ಶುಂಠಿ ಅಂದ್ರೆ ಹೀಗೇ ಇರುತ್ತೇನೋ ಅಂತ ಆ ಮಗು ಮರ್ಯಾದೆಗೆ ಅರ್ಧ ಗ್ಲಾಸು ಕುಡಿದಿದೆ. ಆಮೇಲೆ ಅಮ್ಮನ ಹತ್ರ ಹೋಗಿ ಹೊಟ್ಟೆ ಒಂಥರಾ ಅಂದಿದೆ. ಅವಳಮ್ಮ ಗ್ಲಾಸು ಮೂಸಿ ನೋಡಿ ನನ್ನ ಕಡೆ ತಿರುಗಿದ್ರು. ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ವಿಷನಿಯಂತ್ರಣ ಸಹಾಯವಾಣಿಗೆ ಫೋನ್ ಮಾಡಿದ್ವಿ, ಅವರು ಹೇಳಿದ ಹಾಗೆ ಸಕ್ಕರೆ ಇರೋದೇನಾದ್ರೂ ತಿನ್ನಿಸಿ, ಕಣ್ಣಿಟ್ಟು ನೋಡ್ಕೊಂಡ್ವಿ. ಮಗು ವಾಂತಿ ಮಾಡ್ಕೊಂಡು ಮಲಗಿತು, ಬೆಳಿಗ್ಗೆ ಸರಿಹೋಯ್ತು. ಪಟಾಕಿ ನೋಡದೇ ಅವರು ಹೊರಟುಹೋದ್ರು.

ಉಳಿದೋರೆಲ್ಲ ನನಗೆ ಸಮಾಧಾನ ಹೇಳಿದ್ರು. "ಬರೆದಿತ್ತಲ್ಲ, ಓದ್ಬೇಕಿತ್ತು." "ಮಕ್ಕಳನ್ನ ಅವ್ರು ನೋಡ್ಕೋಬೇಕು." ಒಪ್ಪಿಕೊಳ್ಳೋಕೆ ಎಷ್ಟು ಹಿತವಾದ ಮಾತುಗಳು ನೋಡಿ. ಆಫೀಸಿನಲ್ಲಿ ನಾನು ದಿನಾ ಮಾಡೋದೂ ಇದೇ. ಬಗ್ ಬಂತು, ನೋಡಿದೆ, "ಯೂಸರ್ ಎರರ್" ಅಂತ ಬರೆದು ಮುಚ್ಚಿದೆ. ಆದ್ರೆ ಬರೆದಿದ್ದದ್ದಾದ್ರೂ ಏನು? ರನ್‌ವೇ ಮೂರು. ಅದರಲ್ಲಿ ಸೋಡಾ ಅನ್ನೋ ಪದ ಎಲ್ಲಿದೆ?

ಅಪ್ಪ ಹೇಳಿದ್ದನ್ನ ಆ ರಾತ್ರಿ ಕೂತು ಓದಿದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಬಿ-17 ಬಾಂಬರ್‌ಗಳು ಇಳಿದ ಮೇಲೆ ನೆಲದ ಮೇಲೇ ಕುಸಿದು ಕೂರ್ತಿದ್ವಂತೆ. ಪೈಲಟ್ ಫ್ಲ್ಯಾಪ್ ಎತ್ತೋಕೆ ಹೋಗಿ ಚಕ್ರ ಎತ್ತಿಬಿಡ್ತಿದ್ದ. ಪೈಲಟ್ ತಪ್ಪು ಅಂತ ಷರಾ ಬೀಳ್ತಿತ್ತು. ಅಲ್ಫಾನ್ಸ್ ಚಪಾನಿಸ್ ಅನ್ನೋ ಮನಶ್ಶಾಸ್ತ್ರಜ್ಞ ಕಾಕ್‌ಪಿಟ್‌ನೊಳಗೆ ಹೋಗಿ ನೋಡಿದ. ಎರಡು ಸ್ವಿಚ್ಚೂ ಅಕ್ಕಪಕ್ಕ, ಎರಡೂ ಒಂದೇ ಥರ. ಚಕ್ರದ್ದಕ್ಕೆ ಚಕ್ರದಂಥ ಹಿಡಿ, ಫ್ಲ್ಯಾಪಿನದ್ದಕ್ಕೆ ಬೆಣೆಯಂಥ ಹಿಡಿ ಹಾಕಿಸಿದ. ಕತ್ತಲಲ್ಲೂ, ಗ್ಲೌಸ್ ಹಾಕಿದ್ರೂ, ಸುಸ್ತಾಗಿದ್ರೂ ಕೈಗೆ ಗೊತ್ತಾಗ್ಬೇಕು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್ ಇಂಥ 460 "ಪೈಲಟ್ ತಪ್ಪು"ಗಳನ್ನ ಕೂಡಿಹಾಕಿ ಪರೀಕ್ಷೆ ಮಾಡಿದ್ರು. ಒಂದು ಹಿಡಿ ಅಂತ ಇನ್ನೊಂದನ್ನ ಎಳೆದದ್ದು ಅದರಲ್ಲಿ ದೊಡ್ಡ ಪಾಲು. ಈಗ ದೊಡ್ಡ ವಿಮಾನಗಳಿಗೆ ಅಮೆರಿಕದ ನಿಯಮ 25.781 ಅಂತಲೇ ಇದೆ, ಯಾವ ಹಿಡಿ ಯಾವ ಆಕಾರದಲ್ಲಿರಬೇಕು ಅಂತ ಚಿತ್ರ ಸಮೇತ.

ಇದಕ್ಕಿಂತ ನಾಚಿಕೆಯಾದದ್ದು ಇನ್ನೊಂದು ವಿಷಯಕ್ಕೆ. ಡೊನಾಲ್ಡ್ ನಾರ್ಮನ್ 1988ರಲ್ಲಿ ಬರೆದ, ಈಗ "ದಿ ಡಿಸೈನ್ ಆಫ್ ಎವ್ರಿಡೇ ಥಿಂಗ್ಸ್" ಅಂತ ಎಲ್ಲರಿಗೂ ಗೊತ್ತಿರೋ ಪುಸ್ತಕದಲ್ಲಿ ಒಂದು ಅಣುಸ್ಥಾವರದ ಕಂಟ್ರೋಲ್ ರೂಮಿನ ಚಿತ್ರ ಇದೆ. ಅಲ್ಲಿನ ಸನ್ನೆಗಳು ಒಂದೇ ಥರ ಇದ್ವು ಅಂತ ಆಪರೇಟರ್‌ಗಳೇ ಅವುಗಳ ಮೇಲೆ ಏನು ಸಿಕ್ಕಿಸಿದ್ರು ಗೊತ್ತಾ? ಬಿಯರ್ ನಲ್ಲಿಯ ಹಿಡಿಗಳು! ಬೇರೆ ಬೇರೆ ಬ್ರ್ಯಾಂಡಿನವು! ಬಾರಿನಲ್ಲಿ ಪ್ರತಿ ನಲ್ಲಿಗೂ ಬೇರೆ ಹಿಡಿ ಇರುತ್ತಲ್ಲ, ಅದೇ ಬುದ್ಧಿ. ಅಣುಸ್ಥಾವರದೋರು ಬಾರಿನಿಂದ ಕಲಿತರು. ನಾನು ಬಾರ್ ಕಟ್ಟೋಕೆ ಹೋಗಿ, ಬಾರಿನೋರಿಗೂ ವಿಮಾನದೋರಿಗೂ ಇಬ್ಬರಿಗೂ ಗೊತ್ತಿದ್ದ ಒಂದೇ ಪಾಠವನ್ನ "ಥೀಮ್" ಹೆಸರಲ್ಲಿ ಕಿತ್ತು ಬಿಸಾಕಿದ್ದೆ.

ಅದಕ್ಕೇ ನನ್ನ ತಕರಾರು ಇರೋದು ಈ ಥೀಮ್ ಅನ್ನೋ ಪದದ ಮೇಲೇ. ವಿಮಾನದ ಮಿನುಗು ಎರವಲು ತರ್ತೀವಿ, ಶಿಸ್ತು ಅಲ್ಲೇ ಬಿಟ್ಟು ಬರ್ತೀವಿ. ವಿಮಾನದಲ್ಲಿ ಕೆಂಪು ಮುಚ್ಚಳ ಅಂದ್ರೆ "ಎತ್ತೋ ಮುಂಚೆ ಯೋಚಿಸು" ಅಂತ. ನಾನು ಅದರ ಕೆಳಗೆ ಅಲಂಕಾರದ ದೀಪ ಇಟ್ಟಿದ್ದೆ. ಮೂರು ವಿಮಾನ ಸಾಲಾಗಿ ನಿಂತರೆ ಫೋಟೋ ಚೆನ್ನಾಗಿ ಬರುತ್ತೆ, ಒಪ್ತೀನಿ. ಈಗಿನ ಹಿಡಿಗಳು ಅಷ್ಟು ಚಂದ ಇಲ್ಲ, ಅದನ್ನೂ ಒಪ್ತೀನಿ.

ಈಗೇನಿದೆ ಅಂದ್ರೆ: ಸತ್ತ ಆಲ್ಟಿಮೀಟರ್ ಹೋಯ್ತು, ಅದರ ಜಾಗಕ್ಕೆ ನಿಜಕ್ಕೂ ಕೆಲಸ ಮಾಡೋ ಗ್ಯಾಸ್ ಒತ್ತಡದ ಗೇಜು ಬಂತು. ಕೆಂಪು ಮುಚ್ಚಳ ಕಿತ್ತೆ. ಐ.ಪಿ.ಎ.ಗೆ ಮರದ ಬೆಣೆ, ಸ್ಟೌಟ್‌ಗೆ ಥ್ರಾಟಲ್ಲಿನ ಹಾಗೆ ಗುಂಡು. ಎರಡಕ್ಕೂ ಬೀಗ. ಸೋಡಾ ನಲ್ಲಿಯನ್ನ ಟವರಿನಿಂದಲೇ ಇಳಿಸಿ, ಫ್ರೀಜರಿನ ಪಕ್ಕಕ್ಕೆ, ಮಕ್ಕಳ ಎತ್ತರಕ್ಕೆ ಹಾಕಿದ್ದೀನಿ. ಅದರ ಹಿಡಿ ರಬ್ಬರಿನ ಚಕ್ರ. ಗಾಡಿ ಓಡಿಸ್ಕೊಂಡು ಮನೆಗೆ ಹೋಗೋರದ್ದು ಚಕ್ರ ಅಂತ ದೊಡ್ಡೋರಿಗೂ ನೆನಪಿರುತ್ತೆ. ಮೇಲೆ "ಸೋಡಾ" ಅಂತ ಕನ್ನಡದಲ್ಲೂ ಇಂಗ್ಲಿಷಲ್ಲೂ ಬರೆದಿದೆ, ರನ್‌ವೇ ಗಿನ್‌ವೇ ಏನಿಲ್ಲ.

"ಮೂರು ನಲ್ಲಿಗೆ ಇಷ್ಟೊಂದು ಎಂಜಿನಿಯರಿಂಗಾ" ಅಂತ ಸಹೋದ್ಯೋಗಿ ನಕ್ಕ. ಆಲ್ಟಿಮೀಟರ್ ಹಚ್ಚಿದಾಗ ನಗಲಿಲ್ಲ, "ಸೂಪರ್" ಅಂದಿದ್ದ. ಬೇಡದ ಕೆಲಸ ಯಾವುದಿತ್ತು ಅಂತ ಅವನೇ ಹೇಳಲಿ. ಇನ್ನೊಬ್ಬ ಕೇಳಿದ್ದು ಮಾತ್ರ ಸರಿಯಾದ ಪ್ರಶ್ನೆ: ಮಕ್ಕಳು ಓಡಾಡೋ ಕಡೆ ಬಿಯರ್ ನಲ್ಲಿ ಯಾಕೆ? ಅದಕ್ಕೆ ಹಿಡಿಯ ಆಕಾರ ಉತ್ತರ ಆಗಲ್ಲ. ಅದಕ್ಕೇ ಬೀಗ. ಮಕ್ಕಳಿರೋ ದಿನ ಅದು ತೆಗೆಯೋದೂ ಇಲ್ಲ.

ದೀಪಾವಳಿಗೆ ಆ ಗೆಳೆಯನ ಮನೆಯೋರು ಬಂದಿದ್ರು. ಪುಟ್ಟಿ ಚಕ್ರ ಎಳೆದು ತಾನೇ ಸೋಡಾ ಹಿಡ್ಕೊಂಡ್ಲು. ಅವಳಮ್ಮ ಗ್ಲಾಸ್ ಇಸ್ಕೊಂಡು ಮೂಸಿ, ಆಮೇಲೆ ವಾಪಸ್ ಕೊಟ್ರು.

ಅಪ್ಪಂಗೆ ಹೊಸ ಫೋಟೋ ಕಳಿಸಿದೆ, ಈ ಸಲ ಏನೇನಿದೆ ಅಂತ ನಿಜ ಬರೆದು. ಬಿಯರ್ ಬಗ್ಗೆ ಒಂದು ಮಾತಾಡಲಿಲ್ಲ. "ಆ ಮರದ ಹಿಡಿ ಭಾರ ಜಾಸ್ತಿ ಕಾಣುತ್ತೆ, ತಾನೇ ಮುಂದಕ್ಕೆ ಬಗ್ಗಿ ತೊಟ್ಟಿಕ್ಕುತ್ತೆ, ಸ್ಪ್ರಿಂಗ್ ಹಾಕು," ಅಂದ್ರು. ತೊಟ್ಟಿಕ್ಕುತ್ತಿತ್ತು, ನಿಜ. ಸ್ವಲ್ಪ ಬಿಟ್ಟು "ಬೀಗದ ಕೀಲಿ ಎಲ್ಲಿಟ್ಟಿದ್ದೀಯ?" ಅಂದ್ರು.

ಫ್ರೀಜರ್ ಮೇಲೇ ಇಟ್ಟಿದ್ದೆ. ಟವರಿನ ಬುಡದಲ್ಲಿ.

ಈಗ ನನ್ನ ಕೀ ಚೈನಿನಲ್ಲಿದೆ. ಸ್ಪ್ರಿಂಗ್ ಆರ್ಡರ್ ಮಾಡಿದ್ದೀನಿ, ಗುರುವಾರ ಬರುತ್ತಂತೆ.